ಮನೋರೋಗವೂ ಶರೀರಪರೀಕ್ಷೆಯೂ

ಮನಸ್ಸಿನ ಬೇನೆಗೆ ಶರೀರದಲ್ಲಿಯೇ ಮೂಲವನ್ನು ಹುಡುಕಬೇಕೆಂದು ಹೇಳುವ ‘ಫಂಕ್ಷನಲ್ ಮೆಡಿಸಿನ್’ ಎಂಬ ವೈದ್ಯಪದ್ಧತಿಯ ಹೆಸರು ಈಗ ನಮ್ಮ ನಗರದಲ್ಲಿಯೂ ಕೇಳಿಬರುತ್ತಿದೆ. ಹೆಸರು ಹೊಸದು, ವಿಚಾರವು ಹಳೆಯದು. ದಖ್ಖಣದ ಜೋಳದ ಸೀಮೆಯ ಬಡವರನ್ನು ಕಾಡಿದ ಪೆಲಾಗ್ರ ರೋಗವು ಚರ್ಮವನ್ನು ಕೆಡಿಸುವುದಲ್ಲದೆ ಬುದ್ಧಿಯನ್ನೂ ಕಲಕುತ್ತಿದ್ದಿತು. ಅದಕ್ಕೆ ಮದ್ದಾದುದು ನಯಾಸಿನ್ ಎಂಬ ಜೀವಸತ್ವ. ಥೈರಾಯ್ಡ್ ಗ್ರಂಥಿಯು ಸೊರಗಿದರೆ ಖಿನ್ನತೆಯುಂಟಾಗಬಹುದು. ಬಿ 12 ಜೀವಸತ್ವವು ಸಾಲದಾದರೆ ನೆನಪು ಮಸುಳಬಹುದು; ಸಸ್ಯಾಹಾರಿಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಆದುದರಿಂದ ಖಿನ್ನರಾದವರ ರಕ್ತವನ್ನೂ ಪರೀಕ್ಷಿಸಬೇಕೆಂಬುದು ನಮಗೆ ಸಮ್ಮತವೇ. ಆದರೆ ಅದೇ ನೆಪದಿಂದ ಹತ್ತಾರು ದುಬಾರಿ ಪರೀಕ್ಷೆಗಳನ್ನೂ ಡಬ್ಬಿಗಟ್ಟಲೆ ಗುಳಿಗೆಗಳನ್ನೂ ಮಾರುವವರನ್ನು, ಮನೋವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಿರೆಂದು ಬೋಧಿಸುವವರನ್ನು ನಾವು ಒಪ್ಪಲಾರೆವು. ಔಷಧವನ್ನು ಥಟ್ಟನೆ ಬಿಟ್ಟು ರೋಗವು ಮರುಕಳಿಸಿದರೆ ಆ ಸಂಸಾರದ ಗತಿಯೇನು?

ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯದೊಡನೆ ಯೋಗವೂ ಆಯುರ್ವೇದವೂ ಒಂದೇ ಆವರಣದಲ್ಲಿ ನಡೆಯುತ್ತಿವೆ. ಇದು ಶ್ಲಾಘ್ಯ. ಆದರೆ ಗಂಗಾನಗರದ ಕೂಲಿಯವನು ಹೊಸೂರು ರಸ್ತೆಯನ್ನು ಮುಟ್ಟಬೇಕಾದರೆ ಊರನ್ನೇ ದಾಟಬೇಕು. ಅಂದಿನ ಕೂಲಿಯು ಹೋದಂತೆಯೇ. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಇದೇ ಸಂಸ್ಥೆಯವರು ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರನ್ನು ತರಬೇತುಗೊಳಿಸಿ, ಮನೋರೋಗಚಿಕಿತ್ಸೆಯನ್ನು ಹಳ್ಳಿಗರ ಬಾಗಿಲಿಗೆ ಒಯ್ದರು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಕನ್ನಡನಾಡಿನ ಈ ಪ್ರಯೋಗವೇ ಮಾದರಿ. ಬಳ್ಳಾರಿಯ ಹಳ್ಳಿಗೆ ಸಾಧ್ಯವಾದುದು ರಾಜಧಾನಿಯ ಬಡಾವಣೆಗೆ ಅಸಾಧ್ಯವೇ? ಬಡಾವಣೆಯ ಸರಕಾರಿ ಆರೋಗ್ಯಕೇಂದ್ರಗಳಲ್ಲಿ ಥೈರಾಯ್ಡ್ ಮತ್ತು ಬಿ 12 ಪರೀಕ್ಷೆಗಳನ್ನು ಖಿನ್ನರಾದವರಿಗೆ ಪುಕ್ಕಟೆಯಾಗಿ ಮಾಡಿಸಿ, ವಾರಕ್ಕೊಮ್ಮೆಯಾದರೂ ಮನೋವೈದ್ಯರು ಅಲ್ಲಿಯೇ ದೊರೆಯುವಂತೆ ಏರ್ಪಡಿಸಬೇಕೆಂದು ಆರೋಗ್ಯ ಇಲಾಖೆಯವರನ್ನು ಒತ್ತಾಯಪಡಿಸುತ್ತೇವೆ.