ಕಾಣದ ಧೂಳಿಗೆ ಲೆಕ್ಕ ಇಡುವವರು

ಪ್ರೆಸ್ ಮಷಿನ್ನಿಗೆ ಬೆರಳು ಸಿಕ್ಕಿದರೆ ಆ ಕ್ಷಣವೇ ಇಡೀ ಶಾಪಿಗೆ ಗೊತ್ತಾಗುತ್ತದೆ. ಮಷಿನ್ ನಿಲ್ಲುತ್ತದೆ, ಆಂಬುಲೆನ್ಸ್ ಬರುತ್ತದೆ, ಅಪಘಾತದ ರಿಜಿಸ್ಟರಿನಲ್ಲಿ ದಿನಾಂಕ, ವೇಳೆ ದಾಖಲಾಗುತ್ತದೆ. ಅದೇ ಶಾಪಿನ ಇನ್ನೊಂದು ಮೂಲೆಯಲ್ಲಿ ಎರಕ ಉಜ್ಜುತ್ತ ನಿಂತವನ ಎದೆಗೂಡಿಗೆ ದಿನವೂ ಒಂದಿಷ್ಟು ಸಿಲಿಕಾ ಧೂಳು ಇಳಿಯುತ್ತಿದ್ದರೆ ಯಾವ ರಿಜಿಸ್ಟರಿನಲ್ಲೂ ಒಂದಕ್ಷರ ಬೀಳುವುದಿಲ್ಲ. ಹತ್ತು ಹದಿನೈದು ವರ್ಷ ಕಳೆದು, ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗುವ ಹೊತ್ತಿಗೆ ಆತ ಆ ಕೆಲಸ ಬಿಟ್ಟು ಊರು ಸೇರಿರುತ್ತಾನೆ. ಆಸ್ಪತ್ರೆಯ ಚೀಟಿಯಲ್ಲಿ ಎಷ್ಟೋ ಸಲ ಟಿ.ಬಿ. ಎಂದು ಬರೆದು ಕೈತೊಳೆದುಕೊಳ್ಳಲಾಗುತ್ತದೆ.

ಈ ಎರಡನೆಯ ಬಗೆಯ ಅಪಾಯವನ್ನು ಅದು ರೋಗವಾಗುವ ಮೊದಲೇ ಅಳೆದು ಹಿಡಿಯುವುದು ಒಂದು ವೃತ್ತಿ. ಅದನ್ನು ಮಾಡುವವರು ಇಂಡಸ್ಟ್ರಿಯಲ್ ಹೈಜಿನಿಸ್ಟ್‌ಗಳು. ವೈದ್ಯರು ಕಾರ್ಮಿಕನನ್ನು ಪರೀಕ್ಷಿಸಿದರೆ ಇವರು ಅವನು ನಿಂತು ದುಡಿಯುವ ಜಾಗವನ್ನು ಪರೀಕ್ಷಿಸುತ್ತಾರೆ. ಧೂಳು, ಹೊಗೆ, ಆವಿ, ಸದ್ದು, ಸೆಕೆ, ಕಂಪನ ಎಲ್ಲವೂ ಇವರ ಪಾಲಿನವು. ಏನು ಅಪಾಯ ಬರಬಹುದೆಂದು ಮೊದಲೇ ಊಹಿಸಬೇಕು, ಸ್ಥಳಕ್ಕೆ ಹೋಗಿ ಗುರುತಿಸಬೇಕು, ಅಳೆಯಬೇಕು, ಕೊನೆಗೆ ಹತೋಟಿಗೆ ತರಬೇಕು. ಕೆಲಸದ ಕ್ರಮ ಇಷ್ಟೇ. ಆದರೆ ಒಂದೊಂದು ಹೆಜ್ಜೆಯಲ್ಲೂ ಹಗ್ಗಜಗ್ಗಾಟ ಇರುತ್ತದೆ.

ಕಾಲರಿಗೆ ಸಿಕ್ಕಿಸಿದ ಫಿಲ್ಟರ್

ಬೆಳಗಾವಿಯ ಉದ್ಯಮಬಾಗದಂಥ ಪ್ರದೇಶದ ಫೌಂಡ್ರಿಯೊಂದನ್ನು ನೆನೆಸಿಕೊಳ್ಳಿ. ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ದು, ಆರಿದ ಮೇಲೆ ಅಚ್ಚು ಒಡೆದು, ಎರಕಕ್ಕೆ ಮೆತ್ತಿಕೊಂಡ ಮರಳನ್ನು ಉದುರಿಸಿ, ಅಂಚುಗಳನ್ನು ಗ್ರೈಂಡಿಂಗ್ ಮಾಡಿ ಹೊರಗೆ ಕಳಿಸುತ್ತಾರೆ. ಹೊರಗಿನಿಂದ ಬಂದವರಿಗೆ ಭಯ ಹುಟ್ಟಿಸುವುದು ಕುಲುಮೆ. ಹೈಜಿನಿಸ್ಟನ ಕಣ್ಣು ಮೊದಲು ಹೋಗುವುದು ಅಚ್ಚು ಒಡೆಯುವ ಜಾಗಕ್ಕೆ ಮತ್ತು ಗ್ರೈಂಡಿಂಗ್ ಸಾಲಿಗೆ. ಸಿಲಿಕಾ ಮರಳು ಪುಡಿಯಾಗಿ ಗಾಳಿಗೆ ಏಳುವುದು ಅಲ್ಲಿ.

ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗು, ಗಂಟಲು ಬಹುಮಟ್ಟಿಗೆ ತಡೆಯುತ್ತವೆ. ಶ್ವಾಸಕೋಶದ ತಳದವರೆಗೆ ಇಳಿಯುವುದು 10 ಮೈಕ್ರಾನಿಗಿಂತ ಸಣ್ಣ ಕಣ. ಅದು ಬರಿಗಣ್ಣಿಗೆ ಬೀಳುವುದಿಲ್ಲ. ‘ಇಲ್ಲಿ ಧೂಳೆಲ್ಲಿದೆ ಸಾರ್, ದಿನಾ ಗುಡಿಸ್ತೀವಿ’ ಎಂದು ಮ್ಯಾನೇಜರ್ ಹೇಳಿದಾಗ ಅನುಭವಿ ಅಧಿಕಾರಿ ವಾದಕ್ಕೆ ಇಳಿಯದೆ, ಕತ್ತಲು ಮಾಡಿಸಿ, ಗ್ರೈಂಡರಿನ ಹಿಂಬದಿಯಿಂದ ಪ್ರಖರವಾದ ಟಾರ್ಚ್ ಹಾಯಿಸುತ್ತಾರೆ. ಬೆಳಕಿನ ಎದುರಿಗೆ ನಿಂತು ನೋಡಿದಾಗ ಕೆಲಸಗಾರನ ಮುಖದ ಸುತ್ತ ಮೋಡದಂತೆ ಸುಳಿಯುವ ಸಣ್ಣ ಧೂಳು ಕಾಣತೊಡಗುತ್ತದೆ.

ಆದರೆ ನೋಡಿದ್ದು ಸಾಲದು, ಅಳತೆ ಬೇಕು. ಕೆಲಸಗಾರನ ಸೊಂಟಕ್ಕೆ ಬ್ಯಾಟರಿಯಿಂದ ನಡೆಯುವ ಚಿಕ್ಕ ಪಂಪ್ ಕಟ್ಟುತ್ತಾರೆ. ಅದರ ಕೊಳವೆ ಬೆನ್ನ ಮೇಲಿಂದ ಹಾದು ಬಂದು ಕಾಲರಿನ ಹತ್ತಿರ, ಮೂಗಿನಿಂದ ಒಂದಡಿಯ ಒಳಗೆ, ಫಿಲ್ಟರ್ ಡಬ್ಬಿಯೊಂದಕ್ಕೆ ಸೇರುತ್ತದೆ. ಡಬ್ಬಿಯ ಮುಂದೆ ಸೈಕ್ಲೋನ್ ಎಂಬ ಪುಟ್ಟ ಸಾಧನ. ಅದು ಗಾಳಿಯನ್ನು ಗಿರ್ರನೆ ಸುತ್ತಿಸಿ ದಪ್ಪ ಕಣಗಳನ್ನು ಕೆಳಗೆ ಬೀಳಿಸುತ್ತದೆ, ಸಣ್ಣವನ್ನು ಮಾತ್ರ ಫಿಲ್ಟರಿಗೆ ಬಿಡುತ್ತದೆ. ಬೆಳಗ್ಗೆ ಕಟ್ಟಿದ್ದು ಪಾಳಿ ಮುಗಿಯುವವರೆಗೆ ಮೈಮೇಲೆಯೇ ಇರಬೇಕು. ‘ಸಾಹೇಬ್ರ, ಇದರಾಗ ನಮ್ಮ ಮಾತು ರೆಕಾರ್ಡ್ ಆಕ್ಕೈತೇನ್ರೀ?’ ಎಂಬಂಥ ಪ್ರಶ್ನೆ ಅಲ್ಲಿ ಸಹಜ. ಅದಕ್ಕೆ ಸಮಾಧಾನದಿಂದ ಉತ್ತರ ಕೊಡಬೇಕು. ಇಲ್ಲದಿದ್ದರೆ ಸಾಹೇಬರು ಮರೆಯಾದ ಕೂಡಲೇ ಪಂಪ್ ಕಿಟಕಿಯ ಸರಳಿಗೆ ನೇತುಬೀಳುತ್ತದೆ, ಇಡೀ ದಿನದ ಮಾದರಿ ಹಾಳಾಗುತ್ತದೆ.

ಇನ್ನೊಂದು ಚಾಲಾಕಿ ಆಡಳಿತದ ಕಡೆಯಿಂದ ನಡೆಯುವುದುಂಟು. ಅಧಿಕಾರಿ ಬಂದ ದಿನ ಅರ್ಧ ಮಷಿನ್‌ಗಳಿಗೆ ‘ರಿಪೇರಿ’. ಆದ್ದರಿಂದ ಗಾಳಿಯ ಮಾದರಿಯ ಜೊತೆಗೆ ಅಂದು ಎಷ್ಟು ಎರಕ ಹೊರಬಂತು, ಹಿಂದಿನ ವಾರ ದಿನಕ್ಕೆ ಎಷ್ಟು ಬಂದಿತ್ತು, ಫ್ಯಾನ್ ಓಡುತ್ತಿತ್ತೇ, ಬಾಗಿಲು ತೆರೆದಿತ್ತೇ ಎಂಬುದನ್ನೂ ಬರೆದುಕೊಳ್ಳಬೇಕು. ಈ ಟಿಪ್ಪಣಿ ಇಲ್ಲದ ಅಂಕಿ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಒಂದು ಲೆಕ್ಕ

ಪಂಪ್ ನಿಮಿಷಕ್ಕೆ 1.7 ಲೀಟರ್ ಗಾಳಿ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಎಂಟು ಗಂಟೆಗೆ, ಅಂದರೆ 480 ನಿಮಿಷಕ್ಕೆ, 816 ಲೀಟರ್. ಪಂಪ್ ದಾರಿಯಲ್ಲಿ ಸೋತಿಲ್ಲವೆಂದು ಖಚಿತಪಡಿಸಿಕೊಳ್ಳಲು ಕೆಲಸಕ್ಕೆ ಮೊದಲು, ಆಮೇಲೆ ಎರಡೂ ಸಲ ಅದರ ವೇಗ ಪರೀಕ್ಷಿಸುತ್ತಾರೆ. ಫಿಲ್ಟರನ್ನೂ ಹಾಗೆಯೇ ಮೊದಲು, ಆಮೇಲೆ ತೂಗುತ್ತಾರೆ. ತೂಕ 1.02 ಮಿಲಿಗ್ರಾಂ ಹೆಚ್ಚಿದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ 1.25 ಮಿಲಿಗ್ರಾಂ ಸಣ್ಣ ಧೂಳು ಇದೆ ಎಂದಾಯಿತು.

ಇದು ಹೆಚ್ಚೋ ಕಡಿಮೆಯೋ ಎಂಬುದು ಧೂಳಿನಲ್ಲಿ ಕ್ವಾರ್ಟ್ಸ್, ಅಂದರೆ ಹರಳು ರೂಪದ ಸಿಲಿಕಾ, ಎಷ್ಟಿದೆ ಎಂಬುದರ ಮೇಲೆ ನಿಂತಿದೆ. 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ ಮಿತಿಗೆ ಕೊಟ್ಟ ಸೂತ್ರ ಸರಳ: ಕ್ವಾರ್ಟ್ಸಿನ ಶೇಕಡಾವಾರಿಗೆ 2 ಕೂಡಿಸಿ, ಬಂದ ಸಂಖ್ಯೆಯಿಂದ 10ನ್ನು ಭಾಗಿಸಬೇಕು. ಪ್ರಯೋಗಾಲಯದಲ್ಲಿ ಕ್ಷ-ಕಿರಣ ವಿವರ್ತನೆಯ ಮೂಲಕ ಕ್ವಾರ್ಟ್ಸ್ ಶೇ 18 ಎಂದು ಗೊತ್ತಾದರೆ ಮಿತಿ 0.5 ಮಿಲಿಗ್ರಾಂ. ನಮ್ಮ ಉದಾಹರಣೆಯ ಕೆಲಸಗಾರ ಅದರ ಎರಡೂವರೆ ಪಟ್ಟು ಉಸಿರಾಡುತ್ತಿದ್ದಾನೆ. ‘ಸ್ವಲ್ಪ ಧೂಳಿದೆ’ ಎಂಬ ಮಾತಿಗೆ ಯಾರೂ ಸೊಪ್ಪು ಹಾಕುವುದಿಲ್ಲ. ‘ಮಿತಿಯ ಎರಡೂವರೆ ಪಟ್ಟು’ ಎಂಬ ಬರಹಕ್ಕೆ ಮಾಲೀಕರು ಉತ್ತರ ಕೊಡಲೇಬೇಕು. ಈ ವೃತ್ತಿಯ ಬಲವೆಲ್ಲ ಇರುವುದು ಇಲ್ಲಿ.

ಬೇರೆ ಅಪಾಯಗಳಿಗೆ ಬೇರೆ ಮಿತಿಗಳಿವೆ. ಸದ್ದು ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ದಾಟಬಾರದು. 95 ಆದರೆ ನಾಲ್ಕೇ ಗಂಟೆ. ಬೆನ್‌ಝೀನ್ ಆವಿಗೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅರ್ಧ ಭಾಗ ಮಾತ್ರ. ಕಾರ್ಬನ್ ಮೊನಾಕ್ಸೈಡಿಗೆ 50 ಭಾಗ.

ಮಾಸ್ಕ್ ಕಡೆಯ ಮಾತು

ಅಳತೆ ಮಿತಿ ಮೀರಿದೆ ಎಂದ ಕೂಡಲೇ ಕಾರ್ಖಾನೆಗಳಿಗೆ ಹೊಳೆಯುವ ಮೊದಲ ಪರಿಹಾರ ಮಾಸ್ಕ್ ಹಂಚುವುದು. ಹೈಜಿನಿಸ್ಟನ ಪಟ್ಟಿಯಲ್ಲಿ ಅದಕ್ಕೆ ಕೊನೆಯ ಸ್ಥಾನ. ಅಪಾಯದ ವಸ್ತುವನ್ನೇ ಬಿಡಲು ಸಾಧ್ಯವೇ? ಬದಲಿ ವಸ್ತು ಇದೆಯೇ? ಧೂಳು ಏಳುವ ಜಾಗದಲ್ಲೇ ಅದನ್ನು ಹೀರಿಕೊಳ್ಳಬಹುದೇ, ನೀರು ಸಿಂಪಡಿಸಿ ಅಡಗಿಸಬಹುದೇ? ಒಬ್ಬನೇ ಎಂಟು ಗಂಟೆ ನಿಲ್ಲದಂತೆ ಕೆಲಸ ಹಂಚಬಹುದೇ? ಇವೆಲ್ಲ ಮುಗಿದ ಮೇಲೆ ಮಾಸ್ಕ್. ಕುಲುಮೆಯ ಸೆಕೆಯಲ್ಲಿ, ಬೆವರಿನಲ್ಲಿ ಎಂಟು ಗಂಟೆ ಬಿಗಿಯಾಗಿ ಮಾಸ್ಕ್ ತೊಟ್ಟು ನಿಲ್ಲುವವರು ಇಲ್ಲ. ನಿಲ್ಲಿ ಎಂದು ಹೇಳುವವರೂ ಹತ್ತು ನಿಮಿಷ ತೊಟ್ಟು ನೋಡಿದವರಲ್ಲ.

ಹೀರು ಕೊಳವೆ ಹಾಕಿಸಿದ್ದೇವೆ ಎಂದರೂ ಪರೀಕ್ಷೆ ತಪ್ಪದು. ಚಿಕ್ಕ ಗಾಜಿನ ನಳಿಕೆಯಿಂದ ಬಿಳಿ ಹೊಗೆಯನ್ನು ಪುಸ್ಸೆಂದು ಬಿಟ್ಟು ಅದು ಯಾವ ಕಡೆ ಹೋಗುತ್ತದೆಂದು ನೋಡುತ್ತಾರೆ. ಕೊಳವೆಯ ಬಾಯಿಂದ ಅದರ ವ್ಯಾಸದಷ್ಟು ದೂರ ಸರಿದರೆ ಸೆಳೆತ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ಅರ್ಧ ಅಡಿಯ ಕೊಳವೆಯನ್ನು ಕೆಲಸದಿಂದ ಎರಡಡಿ ಎತ್ತರಕ್ಕೆ ಕಟ್ಟಿದರೆ ಕರೆಂಟ್ ಬಿಲ್ ಬರುತ್ತದೆ, ಧೂಳು ಹೋಗುವುದಿಲ್ಲ. ರಾಸಾಯನಿಕದ ತೊಟ್ಟಿಯ ನೆತ್ತಿಗೆ ಛತ್ರಿಯಂಥ ಹುಡ್ ಕೂರಿಸುವುದೂ ಸಾಮಾನ್ಯ. ಬಗ್ಗಿ ಕೆಲಸ ಮಾಡುವವನ ಮುಖ ಹುಡ್ ಮತ್ತು ತೊಟ್ಟಿಯ ನಡುವೆ ಇರುವುದರಿಂದ ಆವಿ ಮೊದಲು ಅವನ ಮೂಗನ್ನು ಹಾದು ಆಮೇಲೆ ಮೇಲೇರುತ್ತದೆ. ಅದೇ ಹುಡ್ಡನ್ನು ಪಕ್ಕಕ್ಕೆ ತಂದರೆ ಸಮಸ್ಯೆ ಬಹುಪಾಲು ನೀಗುತ್ತದೆ. ಸರ್ಕಾರಿ ವರದಿಯ ಇಂಥ ಒಂದು ಸಾಲು ಎಷ್ಟೋ ಜನರ ಆಯುಷ್ಯಕ್ಕೆ ಸಂಬಂಧಿಸಿದ್ದು.

ಕೋಲಾರದಿಂದ ಭೋಪಾಲದವರೆಗೆ

ಈ ವಿದ್ಯೆ ಬೆಳೆದದ್ದು ಸಾವುಗಳ ಬೆನ್ನಿಗೆ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1910ರಲ್ಲಿ ಇಲಿನಾಯ್ ರಾಜ್ಯದ ಪರವಾಗಿ ಸೀಸದ ಕಾರ್ಖಾನೆಗಳ ಸಮೀಕ್ಷೆಗೆ ಇಳಿದರು. ಮರುವರ್ಷ ಕೇಂದ್ರ ಸರ್ಕಾರದ ಕಾರ್ಮಿಕ ಬ್ಯೂರೋಗೆ ಕೆಲಸ ಮಾಡತೊಡಗಿದಾಗ ಕಾರ್ಖಾನೆಯ ಒಳಗೆ ಕಾಲಿಡುವ ಕಾನೂನು ಅಧಿಕಾರವೂ ಅವರಿಗಿರಲಿಲ್ಲ. ಮಾಲೀಕರ ಮನವೊಲಿಸಿ ಒಳಹೋದರು, ಆಸ್ಪತ್ರೆಯ ದಾಖಲೆ ಹುಡುಕಿದರು, ಕಾರ್ಮಿಕರ ಮನೆಗಳಿಗೆ ನಡೆದರು. 1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಅಧ್ಯಾಪಕಿಯಾದರು. ಅಮೆರಿಕದಲ್ಲಿ ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯಕ್ಕೆಂದೇ ‘ಓಶಾ’ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿದ್ದು 1971ರಲ್ಲಿ. ಹ್ಯಾಮಿಲ್ಟನ್ ತೀರಿಕೊಂಡದ್ದು ಅದಕ್ಕೆ ಹಿಂದಿನ ವರ್ಷ, 101ರ ವಯಸ್ಸಿನಲ್ಲಿ.

ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಯಿಂದ. 1940ರ ದಶಕದ ಸಮೀಕ್ಷೆಯಲ್ಲಿ ಪರೀಕ್ಷೆಗೆ ಒಳಗಾದ ಗಣಿ ಕಾರ್ಮಿಕರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯ ಎದೆಯಲ್ಲಿ ಈ ರೋಗ ಕಂಡಿತ್ತು. ಗಣಿ 2001ರಲ್ಲಿ ಮುಚ್ಚಿತು. ಸಿಲಿಕೋಸಿಸ್‌ಗೆ ಹಾಗೆ ಮುಚ್ಚುವ ದಿನವಿಲ್ಲ. ಧೂಳಿನಿಂದ ದೂರ ಸರಿದ ಮೇಲೂ ಅದು ಬಲಿಯಬಹುದು. ವಾಸಿಮಾಡುವ ಔಷಧ ಇಂದಿಗೂ ಇಲ್ಲ.

1984ರ ಭೋಪಾಲದ ಅನಿಲ ದುರಂತದ ಬಳಿಕ ಕಾನೂನಿಗೆ ಎಚ್ಚರ ಬಂತು. 1987ರ ತಿದ್ದುಪಡಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಹೊಸ ಅಧ್ಯಾಯವನ್ನೇ ಸೇರಿಸಿತು. ಯಾವ ರಾಸಾಯನಿಕ, ಏನು ಅಪಾಯ ಎಂಬುದನ್ನು ಕಾರ್ಮಿಕರಿಗೆ ತಿಳಿಸುವುದು ಕಡ್ಡಾಯವಾಯಿತು. 1995ರಲ್ಲಿ ಕಲ್ನಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾರ್ಮಿಕನ ಆರೋಗ್ಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಯ್ದಿಡಬೇಕೆಂದು ಆದೇಶಿಸಿತು. ನಿಧಾನವಾಗಿ ಬರುವ ರೋಗಕ್ಕೆ ದೀರ್ಘ ನೆನಪು ಬೇಕೆಂದು ನ್ಯಾಯಾಲಯ ಒಪ್ಪಿದ ತೀರ್ಪು ಅದು.

ಯಾರ ಕೆಲಸ, ಎಲ್ಲಿ?

ಕರ್ನಾಟಕದಲ್ಲಿ ಈ ಹೊಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು. ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಬಳ್ಳಾರಿಯ ಅದಿರು ಗಣಿಗಳು ಮಾತ್ರ ಧನಬಾದ್ ಮೂಲದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ವ್ಯಾಪ್ತಿಗೆ ಬರುತ್ತವೆ. ಕೇಂದ್ರದ ಕಾರ್ಮಿಕ ಸಚಿವಾಲಯದ ಅಡಿಯಲ್ಲಿ ಕಾರ್ಖಾನೆ ಸಲಹಾ ಸೇವೆ ಮತ್ತು ಕಾರ್ಮಿಕ ಸಂಸ್ಥೆಗಳ ಮಹಾನಿರ್ದೇಶನಾಲಯ ‘ಡಿಜಿಫಾಸ್ಲಿ’ ಇದೆ. ಮುಂಬೈನ ಸಯಾನ್‌ನಲ್ಲಿರುವ ಅದರ ಕೇಂದ್ರ ಕಾರ್ಮಿಕ ಸಂಸ್ಥೆಯಲ್ಲಿ ಇಂಡಸ್ಟ್ರಿಯಲ್ ಹೈಜೀನ್‌ಗೆಂದೇ ವಿಭಾಗ, ಪ್ರಯೋಗಾಲಯ ಇವೆ. ದಕ್ಷಿಣದ ರಾಜ್ಯಗಳಿಗೆ ಹತ್ತಿರದ ಪ್ರಾದೇಶಿಕ ಸಂಸ್ಥೆ ಚೆನ್ನೈಯದು. ಸಂಶೋಧನೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದೆ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ನಮ್ಮ ದೇವನಹಳ್ಳಿ ತಾಲ್ಲೂಕಿನಲ್ಲೇ ಇದೆ. ರಸಾಯನಶಾಸ್ತ್ರ ಅಥವಾ ಕೆಮಿಕಲ್ ಇಂಜಿನಿಯರಿಂಗ್ ಓದಿದವರು ಈ ವೃತ್ತಿಗೆ ಬರುವುದು ರೂಢಿ. ಲೆಕ್ಕದಲ್ಲಿ ನಿಖರತೆ ಬೇಕು, ಮಾತಿನಲ್ಲಿ ತಾಳ್ಮೆ ಬೇಕು. ಕಾರ್ಮಿಕ, ಗುತ್ತಿಗೆದಾರ, ಮಾಲೀಕ ಮೂವರೂ ಅನುಮಾನದಿಂದ ನೋಡುವ ನೌಕರಿ ಇದು.

ಕೊರತೆ ದೊಡ್ಡದು. ಯಂತ್ರದ ಕವಚ, ಬಾಯ್ಲರ್ ಪ್ರಮಾಣಪತ್ರ, ಹಾಜರಿ ಪುಸ್ತಕ ನೋಡುವಷ್ಟರಲ್ಲಿ ತಪಾಸಣೆಯ ದಿನ ಮುಗಿಯುತ್ತದೆ. ಎಂಟು ಗಂಟೆ ಪಂಪ್ ಕಟ್ಟಿ ಕಾಯಲು ಪುರುಸೊತ್ತು ಸಿಗುವುದಿಲ್ಲ. 2025ರ ನವೆಂಬರ್ 21ರಂದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಗೆ ಬಂದು 1948ರ ಕಾಯ್ದೆ ಅದರಲ್ಲಿ ಸೇರಿತು. ನಿಗದಿತ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಅದರ ಒಳ್ಳೆಯ ಅಂಶ. ಆದರೆ ವಿದ್ಯುತ್ ಬಳಸುವ ‘ಕಾರ್ಖಾನೆ’ ಎನಿಸಿಕೊಳ್ಳಲು ಹಿಂದೆ 10 ಜನ ಸಾಕಿತ್ತು, ಈಗ 20 ಬೇಕು. ಸಣ್ಣ ಗ್ರೈಂಡಿಂಗ್ ಶೆಡ್ಡು, ರಾಮನಗರದ ಪುಟ್ಟ ರೇಷ್ಮೆ ರೀಲಿಂಗ್ ಘಟಕ, ಮನೆಯಲ್ಲೇ ಬೀಡಿ ಕಟ್ಟುವ ಕರಾವಳಿಯ ಹೆಂಗಸು ಮೊದಲೂ ಈ ಅಳತೆಗೆ ದೂರ, ಈಗಲೂ ದೂರ. ಧೂಳಿಗೆ ಹಾಜರಿ ಪುಸ್ತಕ ಗೊತ್ತಿಲ್ಲ.

ಓದುಗರಿಗೊಂದು ಮಾತು

1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ ಕಸುಬುಗಳಿಂದ ಬರುವ ರೋಗಗಳ ಬಗ್ಗೆ ಗ್ರಂಥ ಬರೆದು, ರೋಗಿಗೆ ‘ನಿನ್ನ ಕೆಲಸವೇನು?’ ಎಂದು ಕೇಳುವುದನ್ನು ವೈದ್ಯರು ಮರೆಯಬಾರದೆಂದರು. ನಮ್ಮ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಆ ಪ್ರಶ್ನೆ ಬಂದೀತೆಂದು ಕಾಯಬೇಡಿ. ನಿಮ್ಮ ಮನೆಯಲ್ಲಿ ಫೌಂಡ್ರಿ, ಕಲ್ಲು ಪಾಲಿಷ್, ಕ್ರಷರ್, ಸ್ಯಾಂಡ್ ಬ್ಲಾಸ್ಟಿಂಗ್ ಕೆಲಸ ಮಾಡಿದವರಿದ್ದು, ಟಿ.ಬಿ. ಔಷಧ ಮುಗಿದ ಮೇಲೂ ಕೆಮ್ಮು, ಏದುಸಿರು ಬಿಡದಿದ್ದರೆ, ಎಲ್ಲಿ, ಎಷ್ಟು ವರ್ಷ, ಏನು ಕೆಲಸ ಎಂಬುದನ್ನು ವೈದ್ಯರಿಗೆ ನೀವೇ ಹೇಳಿ, ಚೀಟಿಯಲ್ಲಿ ಬರೆಸಿ. ಸಿಲಿಕೋಸಿಸ್ ಕಂಡುಬಂದರೆ ಅದನ್ನು ಸರ್ಕಾರಕ್ಕೆ ವರದಿ ಮಾಡುವುದು ವೈದ್ಯರ ಕಾನೂನುಬದ್ಧ ಕರ್ತವ್ಯ. ಅದು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗವೂ ಹೌದು. ಒಬ್ಬರ ವರದಿ ಸರಿಯಾಗಿ ದಾಖಲಾದರೆ ಅದೇ ಶೆಡ್ಡಿನಲ್ಲಿ ಇನ್ನೂ ಕೆಲಸ ಮಾಡುತ್ತಿರುವವರ ಗಾಳಿಯನ್ನು ಅಳೆಯಲು ಇಲಾಖೆಗೆ ಕಾರಣ ಸಿಗುತ್ತದೆ.