ಬೋಲ್ಟ್ ಸಲೀಸಾಗಲು ಏನು ಉಜ್ಜಬೇಕು, ಏನು ಮುಟ್ಟಬಾರದು

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ ಸ್ಪರ್ಧೆಯಲ್ಲಿ. ಅದರ ಅರ್ಹತಾ ಸುತ್ತಿನಲ್ಲಿ ಮಂಡಿಯೂರಿ, ಮಲಗಿ, ನಿಂತು ತಲಾ 20 ಗುಂಡು ಹೊಡೆಯಬೇಕು. ಪ್ರತಿ ಗುಂಡಿಗೂ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಕೈಯಿಂದಲೇ ತೆರೆದು, ಖಾಲಿ ತೋಟಾ ಹೊರಹಾಕಿ, ಹೊಸದನ್ನಿಟ್ಟು ಮುಚ್ಚಬೇಕು. ಬೋಲ್ಟ್ ಬಿಗಿಯಾಗಿದ್ದರೆ ಮೈಯ ನಿಲುವೇ ಕದಲುತ್ತದೆ. ಹಾಗಾಗಿ ಬೋಲ್ಟ್ ನಯವಾಗಿ ಓಡಲೆಂದು ಬಿಡಿಭಾಗಗಳನ್ನು ಉಜ್ಜಿ ತಿದ್ದುವ ಹವ್ಯಾಸ ಬಂದೂಕಿನ ಲೋಕದಲ್ಲಿ ಹಳೆಯದು. ಆದರೆ ಬಿಗಿತ ಹುಟ್ಟುವುದು ಎಲ್ಲಿ?

ಮೊದಲನೆಯದು, ಬೋಲ್ಟಿನ ಹಿಡಿ ಎತ್ತುವಾಗ. ಜರ್ಮನಿಯ ಮೌಸರ್ 98 ರೈಫಲ್‌ನಲ್ಲಿ ಹಿಡಿ 90 ಡಿಗ್ರಿ ತಿರುಗುತ್ತದೆ. ಆಗಲೇ ಒಂದು ಇಳಿಜಾರು ಅಂಚು ತೋಟಾಕ್ಕೆ ಪೆಟ್ಟು ಕೊಡುವ ಸೂಜಿಯ ಸ್ಪ್ರಿಂಗನ್ನು ಅದುಮುತ್ತದೆ. ಬ್ರಿಟನ್ನಿನ ಲೀ-ಎನ್‌ಫೀಲ್ಡ್‌ನಲ್ಲಿ ಹಿಡಿ ಸುಮಾರು 60 ಡಿಗ್ರಿ ತಿರುಗಿದರೆ ಸಾಕು, ಸ್ಪ್ರಿಂಗ್ ಅದುಮುವ ಕೆಲಸ ಮುಚ್ಚುವಾಗ ನಡೆಯುತ್ತದೆ. ಆ ರೈಫಲ್‌ನಿಂದ ಬೇಗಬೇಗ ಗುಂಡು ಹಾರಿಸಲು ಸಾಧ್ಯವಾಗುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು, ಹಿಂದೆ ಮುಂದೆ ಸರಿಸುವಾಗ. ಹಿಡಿ ಇರುವುದು ಒಂದೇ ಪಕ್ಕಕ್ಕೆ. ಮೇಜಿನ ಡ್ರಾಯರನ್ನು ಒಂದು ಮೂಲೆಯಿಂದ ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುವಂತೆ ಬೋಲ್ಟ್ ಕೂಡ ಸಿಕ್ಕಿಕೊಳ್ಳುತ್ತದೆ. ಮೌಸರ್ 98ರ ಬೋಲ್ಟ್ ಮೈಮೇಲಿನ ಉದ್ದದ ಏಣು ಅದನ್ನು ನೇರ ದಾರಿಯಲ್ಲಿಡಲೆಂದೇ ಇದೆ.

ಮೂರನೆಯದು ಘರ್ಷಣೆ. ಕಣ್ಣಿಗೆ ನುಣುಪಾಗಿ ಕಂಡ ಉಕ್ಕಿನಲ್ಲೂ ಸೂಕ್ಷ್ಮ ಉಬ್ಬುತಗ್ಗುಗಳಿವೆ. ಉಬ್ಬುಗಳ ತುದಿ ಸವೆದರೆ ಚಲನೆ ಹಗುರವಾಗುತ್ತದೆ, ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಬಳಸುತ್ತ ಬಳಸುತ್ತ ರೈಫಲ್ ಪಳಗುವುದು ಹೀಗೆ.

ಅತಿಯಾಗಿ ಉಜ್ಜಿದರೆ ಕತೆ ಬೇರೆ. ಹಳೆಯ ಮೌಸರ್‌ಗಳ ಉಕ್ಕು ಒಳಗೆ ಮೃದು. ಗಡಸು ಇರುವುದು ಮೇಲಿನ ತೆಳುಪದರದಲ್ಲಿ ಮಾತ್ರ. ಅರದಿಂದ ಆ ಪದರ ಹೋದರೆ ಮೆತ್ತನೆಯ ಉಕ್ಕು ಒಂದಕ್ಕೊಂದು ಕಚ್ಚಿ ಕಿತ್ತುಬರುತ್ತದೆ. ಬೋಲ್ಟ್ ಮೊದಲಿಗಿಂತ ಒರಟಾಗುತ್ತದೆ. ಬೋಲ್ಟನ್ನು ಬಿಗಿಹಿಡಿಯುವ ಲಗ್‌ಗಳನ್ನಂತೂ ಮನೆಯಲ್ಲಿ ಮುಟ್ಟಲೇಬಾರದು. .308 ಅಳತೆಯ ರೈಫಲ್ ತೋಟಾ ಸಿಡಿದಾಗ ಒಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 4,000 ಪಟ್ಟು. ಅದನ್ನು ತಡೆಯುವುದು ಇದೇ ಲಗ್‌ಗಳು. ಅವು ಸವೆದರೆ ತೋಟಾದ ಹಿಂದೆ ಸಂದು ಬೀಳುತ್ತದೆ, ತೋಟಾದ ಹಿತ್ತಾಳೆ ಕವಚ ಒಡೆಯಬಹುದು. ಸ್ಪ್ರಿಂಗ್ ಕತ್ತರಿಸಿದರೆ ಹಿಡಿ ಹಗುರವಾದೀತು, ಆದರೆ ಸೂಜಿಯ ಪೆಟ್ಟು ಕುಂದಿ ಗುಂಡು ಹಾರದಿರಬಹುದು.

ಬಿಗಿತಕ್ಕೆ ಬಹಳ ಸಲ ಕಾರಣವಾಗುವುದು ಒಣಗಿ ಅಂಟಾದ ಹಳೆಯ ಎಣ್ಣೆ ಮತ್ತು ಕಸ. ಕೈಲ್ ಮುಹೂರ್ತಕ್ಕೆ ಕೋವಿ ಒರೆಸಿ ಪೂಜಿಸುವ ಕೊಡಗಿನ ಮನೆಗಳಿಗೂ, ಶೂಟಿಂಗ್ ಕ್ಲಬ್ಬಿನ ಎಳೆಯರಿಗೂ ಹೇಳಬೇಕಾದ್ದು ಇಷ್ಟೇ: ತೋಟಾ ಒಳಗಿಲ್ಲವೆಂದು ಎರಡೆರಡು ಸಲ ನೋಡಿ, ಶುಚಿ ಮಾಡಿ, ತೆಳುವಾಗಿ ಎಣ್ಣೆ ಹಚ್ಚಿ. ಅದರಿಂದಲೂ ಸಲೀಸಾಗದಿದ್ದರೆ ಅರ ಕೆಳಗಿಟ್ಟು, ಪರವಾನಗಿ ಇರುವ ಕೋವಿ ರಿಪೇರಿಯವರ ಬಳಿಗೆ ಒಯ್ಯಿರಿ.