ಮಿಂಚಂಚೆಯ ಜರಡಿಯೂ ಕನ್ನಡದ ಓಲೆಯೂ

ಚಿಕ್ಕಬಳ್ಳಾಪುರ ಸೀಮೆಯ ಮಂಡಿಕಲ್ ಎಂಬ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿದ್ದ ಸಂಸ್ಕೃತ ವಿದ್ವಾಂಸ ರಾಮಶಾಸ್ತ್ರಿಗಳು ‘ಮೇಘಪ್ರತಿಸಂದೇಶ’ವೆಂಬ ಕಾವ್ಯವನ್ನು ರಚಿಸಿರುವುದು ವಾಚಕರಿಗೆ ವಿದಿತವೇ ಇದೆ. ಹೋದ ಸಂದೇಶಕ್ಕೆ ಪ್ರತ್ಯುತ್ತರವೂ ಬರಬೇಕೆಂಬ ಭಾವವು ಆ ಹೆಸರಿನಲ್ಲಿಯೇ ಅಡಗಿದೆ. ಇಂದು ಆ ಊರಿನ ಉಪಾಧ್ಯಾಯರೊಬ್ಬರು ಶಾಸನವೊಂದರ ಪಾಠವನ್ನು ಓದಿ, ಅದನ್ನು ಮಿಂಚಂಚೆಯ ಮೂಲಕ ಪತ್ರಿಕೆಯ ಸಂಪಾದಕರಿಗೆ ಕಳುಹಿದರೆಂದು ಭಾವಿಸೋಣ. ಉತ್ತರವು ಬಾರದೆ ಹೋದರೆ ಅದನ್ನು ಅವರು ಸಂಪಾದಕರ ಔದಾಸೀನ್ಯವೆಂದು ತಿಳಿಯುವುದು ಸಹಜ. ಆದರೆ ಸಂಪಾದಕರ ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ ಯಂತ್ರವೊಂದು ಆ ಓಲೆಯನ್ನು ಕಸವೆಂದು ಬದಿಗೊತ್ತಿರಬಹುದು. ಇದು ಹೇಗೆ ಆಗುತ್ತದೆ, ಆಗದಂತೆ ಯಾವ ಕಟ್ಟಳೆಗಳನ್ನು ಮಾಡಿಕೊಳ್ಳಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಮಿಂಚಂಚೆಯ ಸಾಗಣೆಗೆ ಆಧಾರವಾದ ಎಸ್‌ಎಂಟಿಪಿ ಎಂಬ ವಿಧಿಯನ್ನು ಜಾನ್ ಪೋಸ್ಟೆಲ್ ಎಂಬವರು ೧೯೮೨ರಲ್ಲಿ ಪ್ರಕಟಿಸಿದರು. ಯೂನಿಕ್ಸ್ ಗಣಕಗಳಲ್ಲಿ ಈ ವಿಧಿಯನ್ನು ನಡೆಸಿಕೊಂಡು ಬಂದವುಗಳಲ್ಲಿ ಬರ್ಕ್ಲಿಯ ಎರಿಕ್ ಆಲ್ಮನ್ನರ ‘ಸೆಂಡ್‌ಮೇಲ್’ ಹಳೆಯದು; ವೀಟ್ಸೆ ವೆನೆಮಾ ಅವರ ‘ಪೋಸ್ಟ್‌ಫಿಕ್ಸ್’ ೧೯೯೮ರಲ್ಲಿ ಹೊರಬಂದಿತು. ಓಲೆಯು ಸರ್ವರಿನ ಬಾಗಿಲಿಗೆ ಬಂದಾಗ ಸರ್ವರು ಮೂರಂಕಿಯ ಒಂದು ಸಂಖ್ಯೆಯಿಂದ ಉತ್ತರ ಕೊಡುತ್ತದೆ. ಅದು ೨ರಿಂದ ಮೊದಲಾದರೆ ಅಂಗೀಕಾರ, ೪ರಿಂದ ಮೊದಲಾದರೆ ‘ಸ್ವಲ್ಪ ತಡೆದು ಬಾ’ ಎಂಬರ್ಥ, ೫ರಿಂದ ಮೊದಲಾದರೆ ನಿರಾಕರಣೆ. ತಡೆದು ಬರಬೇಕೆಂದರೆ ಕಳುಹಿದ ಸರ್ವರು ಓಲೆಯನ್ನು ಇಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ. ಪೋಸ್ಟ್‌ಫಿಕ್ಸಿನಲ್ಲಿ ಬೇರೆ ಏರ್ಪಾಡಿಲ್ಲದ ಪಕ್ಷದಲ್ಲಿ ಈ ಅವಧಿ ೫ ದಿನ. ನಿರಾಕರಿಸಿದರೆ ಆ ಸಂಗತಿ ಬರೆದವರಿಗೆ ತಿಳಿಯುತ್ತದೆ. ಅಂಗೀಕರಿಸಿಕೊಂಡು ಬಳಿಕ ಸದ್ದಿಲ್ಲದೆ ಬಿಸುಟರೆ ಮಾತ್ರ ಬರೆದವರಿಗೂ ತಿಳಿಯದು, ಪಡೆಯಬೇಕಾದವರಿಗೂ ತಿಳಿಯದು. ಎಲ್ಲಕ್ಕಿಂತ ಅನರ್ಥಕರವಾದುದು ಈ ಕಡೆಯ ಬಗೆಯೇ.

ಇನ್ನು ಲಿಪಿಯ ವಿಚಾರ. ೧೯೮೨ರ ವಿಧಿಯು ಇಂಗ್ಲಿಷಿನ ಅಕ್ಷರಗಳನ್ನು ಮಾತ್ರ ಬಲ್ಲದು. ಬೇರೆ ಲಿಪಿಗಳ ಬರಹವನ್ನೂ ಅದೇ ಹಾದಿಯಲ್ಲಿ ಸಾಗಿಸುವುದಕ್ಕಾಗಿ ೧೯೯೨ರಲ್ಲಿ ಬೊರೆನ್‌ಸ್ಟೈನ್ ಮತ್ತು ಫ್ರೀಡ್ ಎಂಬವರು ‘ಮೈಮ್’ ಎಂಬ ಕ್ರಮವನ್ನು ರೂಪಿಸಿದರು. ಈಗ ರೂಢಿಯಲ್ಲಿರುವ ಯುಟಿಎಫ್-೮ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಮೈಮ್ ಕ್ರಮದ ಬೇಸ್-೬೪ ಎಂಬ ಬಗೆಯು ಮೂರು ಮೂರು ಬೈಟುಗಳನ್ನು ನಾಲ್ಕು ನಾಲ್ಕು ಲ್ಯಾಟಿನ್ ಚಿಹ್ನೆಗಳಾಗಿ ಮಾರ್ಪಡಿಸುತ್ತದೆ. ‘ಮಂಡಿಕಲ್’ ಎಂಬಲ್ಲಿ ಮ, ಅನುಸ್ವಾರ, ಡ, ಇಕಾರ, ಕ, ಲ, ವಿರಾಮ ಹೀಗೆ ೭ ಸಂಕೇತಗಳಿವೆ. ಅವು ೨೧ ಬೈಟುಗಳಾಗಿ, ದಾರಿಯಲ್ಲಿ ೨೮ ಲ್ಯಾಟಿನ್ ಚಿಹ್ನೆಗಳ ವೇಷದಲ್ಲಿ ಸಾಗುತ್ತವೆ. ಅಷ್ಟೇ ಅಲ್ಲ, ಪದದ ಹಿಂದೆ ಒಂದು ತೆರಪು ಬಂದರೂ ಮೂರು ಮೂರಾಗಿ ಎಣಿಸುವ ಕ್ರಮವು ಸರಿದುಹೋಗಿ ಅದೇ ಪದ ಬೇರೊಂದು ರೂಪವನ್ನು ತಾಳುತ್ತದೆ. ಹೀಗೆ ಒಂದೇ ಪದಕ್ಕೆ, ಅದು ನಿಂತ ಸ್ಥಾನವನ್ನನುಸರಿಸಿ, ಮೂರು ವೇಷಗಳುಂಟು. ಸಂಧಿಯಲ್ಲಿ ಪದದ ಅಂಚು ಮರೆಯಾಗುವಂತೆ ಇಲ್ಲಿ ಇಡೀ ಪದವೇ ಮರೆಯಾಗುತ್ತದೆ. ಪದಚ್ಛೇದ ಮಾಡದೆ ಅರ್ಥ ಹೇಳಲಾಗದು.

ಆದಕಾರಣ ಜರಡಿಯು ಓಲೆಯನ್ನು ಬಿಡಿಸಿ ಓದುತ್ತದೆಯೋ, ಹೊರವೇಷವನ್ನಷ್ಟೇ ನೋಡುತ್ತದೆಯೋ ಎಂಬುದೇ ಮುಖ್ಯ ಪ್ರಶ್ನೆ. ಸ್ಟೀಫನ್ ವಾನ್ ಡೆನ್ ಬರ್ಗ್ ಅವರು ೧೯೯೦ರಲ್ಲಿ ಬರೆದ ‘ಪ್ರೊಕ್‌ಮೇಲ್’ ಬಹುಕಾಲ ಯೂನಿಕ್ಸಿನಲ್ಲಿ ವಿಂಗಡಣೆಯ ಸಾಧನವಾಗಿತ್ತು. ಅದು ಓಲೆಯನ್ನು ಬಂದ ರೂಪದಲ್ಲಿಯೇ ನೋಡುತ್ತದೆ; ‘ವಿಷಯದಲ್ಲಿ ಮಂಡಿಕಲ್ ಎಂದಿದ್ದರೆ ಶಾಸನದ ಪೆಟ್ಟಿಗೆಗೆ ಹಾಕು’ ಎಂದು ಕನ್ನಡದಲ್ಲಿ ಬರೆದಿಟ್ಟರೂ, ವೇಷದಲ್ಲಿರುವ ಪದ ಅದಕ್ಕೆ ಸಿಕ್ಕದು. ಪೋಸ್ಟ್‌ಫಿಕ್ಸಿನ ತಲೆಬರಹದ ಪರೀಕ್ಷೆಯೂ ಇಂಥದೇ. ಅಲ್ಲಿ ‘ಬೇಸ್-೬೪ರ ಗುರುತುಳ್ಳ ವಿಷಯಸಾಲನ್ನೆಲ್ಲ ನಿರಾಕರಿಸು’ ಎಂದು ಯಾರಾದರೂ ಕಟ್ಟಳೆ ಮಾಡಿದರೆ, ವ್ಯಾಪಾರದ ಕಸದೊಡನೆ ಆ ಬಗೆಯಲ್ಲಿ ಬರುವ ಕನ್ನಡದ ಓಲೆಗಳೆಲ್ಲವೂ ಬಾಗಿಲಲ್ಲೇ ಹಿಂದಿರುಗುತ್ತವೆ. ಕಟ್ಟಳೆ ಬರೆದವರಿಗೆ ಕನ್ನಡದ ಮೇಲೆ ದ್ವೇಷವಿರಬೇಕಾದುದಿಲ್ಲ. ಕನ್ನಡದ ನೆನಪಿಲ್ಲದಿದ್ದರೆ ಸಾಕು.

೨೦೦೧ರಲ್ಲಿ ವಿಧಿಬದ್ಧವಾಗಿ, ೨೦೦೮ರಲ್ಲಿ ಪರಿಷ್ಕೃತವಾಗಿ ಪ್ರಕಟವಾದ ‘ಸೀವ್’ ಎಂಬ ಭಾಷೆಯಲ್ಲಿ ಈ ದೋಷವಿಲ್ಲ. ಅದರ ಹೆಸರಿನ ಅರ್ಥವೇ ಜರಡಿ. ತಲೆಬರಹವು ಯಾವ ವೇಷದಲ್ಲಿ ಬಂದರೂ ಅದನ್ನು ಬಿಡಿಸಿ, ಯುಟಿಎಫ್-೮ಕ್ಕೆ ತಂದು, ಆಮೇಲೆ ಹೋಲಿಸಬೇಕೆಂದು ಅದರ ವಿಧಿ. ಯಾವ ಕಟ್ಟಳೆಯೂ ಹೊಂದದಿದ್ದರೆ ಓಲೆಯನ್ನು ಉಳಿಸಿಕೊಳ್ಳಬೇಕೆಂಬುದು ಅದರ ಇನ್ನೊಂದು ಗುಣ. ಸಂಶಯವಿದ್ದಲ್ಲಿ ಮೂಲವನ್ನು ತೊಡೆದುಹಾಕದಿರುವುದು ಗ್ರಂಥಸಂಪಾದಕರಿಗೂ ಸಮ್ಮತವಾದ ನ್ಯಾಯವಷ್ಟೆ.

ಬಿಡಿಸಿ ಓದಿದಮೇಲೂ ಪಾಠಾಂತರಗಳ ತೊಡಕು ಉಳಿಯುತ್ತದೆ. ‘ಕೊ’ ಎಂಬಲ್ಲಿಯ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಊಕಾರಗಳ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಭೇದವಿಲ್ಲ, ಯಂತ್ರಕ್ಕೆ ಉಂಟು. ‘ಮಂಡಿಕಲ್’ ಎಂಬುದರ ಕೊನೆಯಲ್ಲಿ ಕಾಣದ ಚಿಹ್ನೆಯೊಂದು ಸೇರಿರಬಹುದು. ಕೆಲವರು ‘ಮಂಡಿಕಲ್ಲು’ ಎಂದು ಬರೆಯುವರು. ಕೆಲವರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವರು. ಆದ್ದರಿಂದ ಪೂರ್ಣಪದವನ್ನು ಅರಸುವುದಕ್ಕಿಂತ ‘ಮಂಡಿಕ’ ಎಂಬಷ್ಟು ಭಾಗವನ್ನೂ, ಅದರ ಇಂಗ್ಲಿಷ್ ರೂಪವನ್ನೂ ಜೊತೆಯಾಗಿ ಅರಸುವುದು ಲೇಸು.

ಕಸವನ್ನು ತೂಗಿ ನೋಡುವ ‘ಸ್ಪ್ಯಾಮ್‌ಅಸಾಸಿನ್’ ೨೦೦೧ರಲ್ಲಿ ಹೊರಬಂದಿತು. ಅದು ಒಂದೊಂದು ಲಕ್ಷಣಕ್ಕೂ ಇಷ್ಟಿಷ್ಟೆಂದು ಅಂಕ ಕೊಟ್ಟು, ಬೇರೆ ಏರ್ಪಾಡಿಲ್ಲದಿದ್ದರೆ ಮೊತ್ತ ೫ನ್ನು ಮುಟ್ಟಿದಾಗ ಕಸವೆಂದು ಗುರುತಿಸುತ್ತದೆ. ಬಂದ ಓಲೆಗಳಿಂದಲೇ ಪದಗಳ ಗುಣವನ್ನು ಕಲಿಯುವ ಅಂಗವೂ ಅದರಲ್ಲಿದೆ. ೨೦೦ ಒಳ್ಳೆಯ ಓಲೆಗಳನ್ನೂ ೨೦೦ ಕಸದ ಓಲೆಗಳನ್ನೂ ತೋರಿಸುವವರೆಗೆ ಈ ಅಂಗವು ತೀರ್ಪು ಕೊಡುವುದಿಲ್ಲ. ಇಲ್ಲಿಯೇ ಎಚ್ಚರ ಬೇಕು. ಒಳ್ಳೆಯದೆಂದು ತೋರಿಸಿದ ಓಲೆಗಳೆಲ್ಲವೂ ಇಂಗ್ಲಿಷಿನವಾಗಿ, ಕಸವೆಂದು ತೋರಿಸಿದವುಗಳಲ್ಲಿ ಕನ್ನಡದ ಜಾಹೀರಾತುಗಳಿದ್ದರೆ, ‘ಮತ್ತು’, ‘ನಮಸ್ಕಾರ’ ಮೊದಲಾದ ನಿರ್ದೋಷ ಪದಗಳೇ ಕಸದ ಲಕ್ಷಣಗಳೆಂದು ಯಂತ್ರವು ಕಲಿತುಬಿಡುತ್ತದೆ. ದುಷ್ಟಾಂತಗಳನ್ನು ಮಾತ್ರ ಕಂಡ ವಿದ್ಯಾರ್ಥಿ ಲಕ್ಷಣವನ್ನು ತಪ್ಪಾಗಿ ಹೇಳಿದರೆ ತಪ್ಪು ಕಲಿಸಿದವನದು.

ಮೇಲಣ ವಿಚಾರದಿಂದ ನಾಲ್ಕು ಕಟ್ಟಳೆಗಳು ಫಲಿಸುತ್ತವೆ. ಬಾಗಿಲಿನಲ್ಲಿ ಲಿಪಿಯ ಕಾರಣದಿಂದ ಯಾವ ಓಲೆಯನ್ನೂ ನಿರಾಕರಿಸಲಾಗದು. ವಿಂಗಡಣೆಯನ್ನು, ಬಿಡಿಸಿ ಓದಬಲ್ಲ ಜರಡಿಗೇ ಒಪ್ಪಿಸಬೇಕು. ಕಲಿಯುವ ಅಂಗಕ್ಕೆ ಕನ್ನಡದ ಒಳ್ಳೆಯ ಓಲೆಗಳನ್ನು ಬೇಕಾದಷ್ಟು ತೋರಿಸಬೇಕು. ಸಂಶಯಾಸ್ಪದವಾದುದನ್ನು ಬಿಸುಡದೆ ಬೇರೆ ಪೆಟ್ಟಿಗೆಯಲ್ಲಿಟ್ಟು, ಕನ್ನಡ ಬಲ್ಲವರೊಬ್ಬರು ವಾರಕ್ಕೊಮ್ಮೆಯಾದರೂ ಅದನ್ನು ನೋಡಬೇಕು.

ಸರ್ವರನ್ನು ನಡೆಸುವವರು ಬಹುಮಟ್ಟಿಗೆ ಸಾಹಿತ್ಯಜ್ಞರಲ್ಲ. ಸಾಹಿತ್ಯಜ್ಞರು ಬಹುಮಟ್ಟಿಗೆ ಸರ್ವರಿನ ಗೋಜಿಗೆ ಹೋಗುವವರಲ್ಲ. ಈ ನಡುವಣ ತೆರಪಿನಲ್ಲಿಯೇ ಕನ್ನಡದ ಓಲೆಗಳು ಕಳೆದುಹೋಗುವುದು. ವಿದ್ಯಾಸಂಸ್ಥೆಗಳ ಅಧ್ಯಾಪಕರು ತಮ್ಮ ಸರ್ವರಿನ ಕಟ್ಟಳೆಗಳು ಏನೆಂದು ಒಮ್ಮೆ ಕೇಳಿ ತಿಳಿದುಕೊಂಡು, ಕನ್ನಡದ ಓಲೆಯೊಂದನ್ನು ಹೊರಗಿನಿಂದ ಕಳುಹಿಸಿ ಪರೀಕ್ಷಿಸುವುದು ಒಂದು ಗಳಿಗೆಯ ಕೆಲಸ. ಅಷ್ಟು ಮಾಡಿದರೆ ಮಂಡಿಕಲ್ಲಿನ ಉಪಾಧ್ಯಾಯರಿಗೆ ಪ್ರತಿಸಂದೇಶವು ತಲಪುವುದಕ್ಕೆ ದಾರಿ ತೆರೆದಂತಾಗುವುದು.